ಅಪ್ಪನ ವೀಡಿಯೋ ಕಾಲ್, ವಾಷ್ಟಿಯ ಕೋಣೆ: ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಟೀಚರ್, ನಾನು ಪೆರ್ಲದ ಹತ್ರದವಳು. ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಡಿಗ್ರಿ ಎರಡನೇ ವರ್ಷ. ನಮ್ಗೆ ಇಂಗ್ಲೆಂಡಿನ ಲೇಖಕ ಇ. ಎಂ. ಫಾರ್ಸ್ಟರ್ ಬರೆದ 'ದಿ ಮೆಶಿನ್ ಸ್ಟಾಪ್ಸ್' ಕಥೆ ಮೇಲೆ ಸೆಮಿನಾರ್ ಮಾಡ್ಲಿಕ್ಕುಂಟು. ತಂತ್ರಜ್ಞಾನ ಮನುಷ್ಯನ ಶತ್ರು, ಅದು ವ್ಯಕ್ತಿತ್ವವನ್ನು ಕೊಲ್ಲುತ್ತದೆ, ಇದೇ ಕಥೆಯ ಸಂದೇಶ ಅಂತ ಗೈಡಲ್ಲಿ ಉಂಟು. ಎಐ ಹತ್ರ ಕೇಳಿದ್ರೆ ಕೂನೋ ಜನರನ್ನು ಒಟ್ಟು ಮಾಡಿ ಹೋರಾಡಿ ಮೆಶಿನ್ ನಿಲ್ಲಿಸ್ತಾನೆ ಅಂತ ಸಮ್ಮರಿ ಕೊಟ್ಟಿತು. ಕ್ಲಾಸಲ್ಲಿ ಒಬ್ರು ಫಾರ್ಸ್ಟರ್ ಇಂಟರ್ನೆಟ್ ಬಗ್ಗೆ ನೂರು ವರ್ಷ ಮೊದಲೇ ಭವಿಷ್ಯ ಹೇಳಿದ್ದಾರೆ ಅಂದ್ರು. ಆದ್ರೆ ನನ್ನ ತಲೆಬಿಸಿ ಬೇರೆ. ನನ್ನ ಅಪ್ಪ ಅಬುಧಾಬಿಯಲ್ಲಿರುದು, ನಾನು ಎರಡನೇ ಕ್ಲಾಸಲ್ಲಿರುವಾಗ ಹೋದದ್ದು, ಎರಡು ವರ್ಷಕ್ಕೊಮ್ಮೆ ಬರ್ತಾರೆ. ದಿನಾ ರಾತ್ರಿ ವೀಡಿಯೋ ಕಾಲ್. ಕಥೆಯ ಶುರುವಲ್ಲೇ ಅಮ್ಮ ವಾಷ್ಟಿ, ಮಗ ಕೂನೋ ಒಂದು ಪ್ಲೇಟಲ್ಲಿ ಮುಖ ನೋಡಿ ಮಾತಾಡುದು ಓದುವಾಗ ನಮ್ಮ ಮನೆ ಬಗ್ಗೆಯೇ ಬರೆದ ಹಾಗಾಯ್ತು, ತುಂಬ ಬೇಜಾರಾಯ್ತು. ಫೋನ್ ಇಲ್ಲದಿದ್ರೆ ನಂಗೆ ಅಪ್ಪನೇ ಇಲ್ಲ. ಹಾಗಾದ್ರೆ ನಾವೂ ವಾಷ್ಟಿ ಹಾಗೆಯಾ? ಮತ್ತೆ ಕೊನೆಗೆ ಕೂನೋ ಕೂಡ ಸಾಯ್ತಾನಲ್ಲ, ಅವನು ಎಲ್ಲರ ಹಾಗೆ ಇರದೆ ಬೇರೆಯಾಗಿ ಬದುಕಿದ್ದಕ್ಕೆ ಎಂತ ಪ್ರಯೋಜನ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಸೆಮಿನಾರ್ ಒಂದು ನೆಪ ಅಂತ ನಂಗೆ ಕಾಣ್ತದೆ. ನಿಜವಾದ ತಲೆಬಿಸಿ ಎರಡು. ಈ ಕಥೆ ನಿಮ್ಮ ಮನೆಯವರ ಮೇಲೆಯೇ ತಪ್ಪು ಹೊರಿಸ್ತದಾ ಅನ್ನುದು ಒಂದು. ತನ್ನ ಹಾಗೆ ತಾನು ಬದುಕ್ಲಿಕ್ಕೆ ಹೋದವನಿಗೂ ಉಳಿದವರಿಗೂ ಒಂದೇ ಗತಿ ಆದ್ರೆ ಅಷ್ಟು ಕಷ್ಟ ಯಾಕೆ ಪಡ್ಬೇಕು ಅನ್ನುದು ಇನ್ನೊಂದು. ನಾನು ಕಾಸರಗೋಡು ಕಡೆಯ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವಳು, ನಿಮ್ಮ ಹಾಗೆ ಕನ್ನಡ ಮೀಡಿಯಮ್ಮಿಂದ ಬಂದವಳು. ಈ ಕಥೆ ಕ್ಲಾಸಲ್ಲಿ ಓದಿಸುವಾಗ ಅಪ್ಪನೋ ಅಣ್ಣನೋ ಗಲ್ಫಲ್ಲಿರುವ ಮಕ್ಕಳು ಮೊದಲ ಪುಟದಲ್ಲೇ ಗಪ್‌ಚಿಪ್ ಆಗುದನ್ನು ನೋಡಿದ್ದೇನೆ. ಬೇರೆ ಊರಲ್ಲಿ ಇದು ಸೈನ್ಸ್ ಫಿಕ್ಷನ್, ನಮ್ಮಲ್ಲಿ ಇದು ಮನೆ ಕಥೆ. ಹಾಗಾಗಿ ನಿಮಗೆ ಬೇಜಾರಾದದ್ದರಲ್ಲಿ ತಪ್ಪೇನೂ ಇಲ್ಲ, ನೀವು ಕಥೆಯನ್ನು ಸರಿಯಾದ ಬಾಗಿಲಿಂದಲೇ ಹೊಕ್ಕಿದ್ದೀರಿ.

ಓದದವರಿಗೋಸ್ಕರ ಕಥೆ ಸ್ವಲ್ಪದರಲ್ಲಿ ಹೇಳಿಬಿಡ್ತೇನೆ. ಇದು ಪ್ರಕಟ ಆದದ್ದು 1909ರಲ್ಲಿ. ಮನುಷ್ಯರೆಲ್ಲ ಭೂಮಿಯ ಮೇಲ್ಭಾಗ ಬಿಟ್ಟು ನೆಲದಡಿ ಸೇರಿದ್ದಾರೆ, ಜೇನು ಎರಿಯ ಕಣ್ಣಿನ ಹಾಗೆ ಆರು ಮೂಲೆಯ ಕೋಣೆಗಳು, ಒಂದೊಂದರಲ್ಲಿ ಒಬ್ಬೊಬ್ಬರೇ. ಊಟಕ್ಕೆ, ಸ್ನಾನಕ್ಕೆ, ಬಟ್ಟೆಗೆ, ಸಂಗೀತಕ್ಕೆ, ಸ್ನೇಹಿತರ ಹತ್ರ ಮಾತಾಡ್ಲಿಕ್ಕೆ, ಎಲ್ಲದಕ್ಕೂ ಬಟನ್. ಎಲ್ಲವನ್ನೂ ನಡೆಸುದು ಮೆಶಿನ್. ವಾಷ್ಟಿ ಅನ್ನುವ ಅಮ್ಮ ಇರುದು ಸುಮಾತ್ರಾದ ಕೆಳಗೆ, ಕೂನೋ ಅನ್ನುವ ಮಗ ಇರುದು ಇಂಗ್ಲೆಂಡಿನ ಕೆಳಗೆ. ಮಗ ಕಾಲ್ ಮಾಡಿ, ನಂಗೆ ನಿನ್ನನ್ನು ನೇರವಾಗಿ ನೋಡ್ಬೇಕು, ಮೆಶಿನ್ ಮೂಲಕ ಅಲ್ಲ ಅಂತಾನೆ. ಅವಳಿಗೆ ಅದು ಅರ್ಥವೇ ಆಗುದಿಲ್ಲ, ಈಗ ನೋಡ್ತಾ ಇದ್ದೇನಲ್ಲ ಮತ್ತೆಂತ ಬೇಕು ಅಂತ. ಕೊನೆಗೂ ಮನಸ್ಸಿಲ್ಲದ ಮನಸ್ಸಲ್ಲಿ ಗಾಳಿಹಡಗು ಹತ್ತಿ ಹೋಗ್ತಾಳೆ. ಅವನು ಒಂದು ಹಳೇ ಗಾಳಿಕೊಳವೆ ಹಿಡಿದು ಹತ್ತಿ ಭೂಮಿ ಮೇಲೆ ಹೋಗಿ ಬಂದದ್ದನ್ನು ಹೇಳ್ತಾನೆ, ಅಪ್ಪಣೆ ಇಲ್ಲದೆ ಹೋದದ್ದಕ್ಕೆ ಅವನಿಗೆ ಮನೆ ಇಲ್ಲದವನಾಗಿ ಮಾಡುವ ಶಿಕ್ಷೆಯ ಬೆದರಿಕೆ ಬಂದಿದೆ, ಅಂದ್ರೆ ಮೇಲೆ ಬಿಟ್ಟು ಸಾಯ್ಲಿಕ್ಕೆ ಬಿಡುದು. ಕೆಲವು ವರ್ಷ ಕಳೆದ ಮೇಲೆ ಮೆಶಿನ್ ಸ್ವಲ್ಪ ಸ್ವಲ್ಪವಾಗಿ ಕೆಡ್ತಾ ಬಂದು ಒಂದು ದಿನ ನಿಲ್ತದೆ, ನೆಲದಡಿ ಇದ್ದವರೆಲ್ಲ ಸಾಯ್ತಾರೆ.

ಈಗ ನಿಮ್ಮ ಎಐ ಸಮ್ಮರಿ. ಅದು ಪೂರಾ ತಪ್ಪು. ಕೂನೋ ಯಾರನ್ನೂ ಒಟ್ಟು ಮಾಡುದಿಲ್ಲ, ಒಂದು ಬಟನ್ನನ್ನು ಸಹ ಮುರಿಯುದಿಲ್ಲ. ಮೆಶಿನ್ ತಾನಾಗಿ ನಿಲ್ಲುದು, ಯಾಕಂದ್ರೆ ಅದನ್ನು ರಿಪೇರಿ ಮಾಡುವ ಉಪಕರಣವೇ ರಿಪೇರಿಗೆ ಬಂದಿರ್ತದೆ. ಸಮ್ಮರಿ ಯಾಕೆ ಹಾಗೆ ಬಂತು ಅಂದ್ರೆ ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಹೀರೋ ಇರ್ತಾನೆ, ಒಂದು ಸರಕಾರ ಇರ್ತದೆ, ಒಂದು ಬಂಡಾಯ ಇರ್ತದೆ, ಸಾಫ್ಟ್‌ವೇರ್ ಆ ಸಾಮಾನ್ಯ ಅಚ್ಚಿಗೆ ಈ ಕಥೆಯನ್ನೂ ಹೊಯ್ದುಬಿಟ್ಟಿತು. ಸೆಮಿನಾರಲ್ಲಿ ಇದನ್ನು ಹೇಳಿದ್ರೆ ಕಥೆ ಓದಿದವರು ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಹಿಡಿತಾರೆ. ಅದಕ್ಕಿಂತ ದೊಡ್ಡ ನಷ್ಟ ಏನಂದ್ರೆ, ಕಥೆಯಲ್ಲಿ ವಿಲನ್ ಯಾರೂ ಇಲ್ಲ ಅನ್ನುವ ವಿಷಯವೇ ಕೈತಪ್ಪಿ ಹೋಗ್ತದೆ. ಅಲ್ಲಿ ಸರ್ವಾಧಿಕಾರಿ ಇಲ್ಲ. ಒಂದು ಸಮಿತಿ ಉಂಟು, ಆದ್ರೆ ಅದೂ ಮೆಶಿನ್ ಹೇಳಿದ್ದನ್ನು ಮುಂದಕ್ಕೆ ಹೇಳುದು ಮಾತ್ರ.

ಭವಿಷ್ಯ ಹೇಳಿದ್ದಾರೆ ಅನ್ನುದು ಎರಡನೇದ್ದು. ಅದು ಕೇಳ್ಲಿಕ್ಕೆ ಚಂದ, ಆದ್ರೆ 1909ರಲ್ಲಿ ಲಂಡನ್ನಲ್ಲಿ ಎಂತೆಂತ ಇತ್ತು ನೋಡಿ. ಟೆಲಿಫೋನ್ ಬಂದು ಮೂವತ್ತು ವರ್ಷ ದಾಟಿತ್ತು, 1876ರದ್ದು ಅದು. ಮನೆಯಲ್ಲಿ ಕೂತು ಟೆಲಿಫೋನ್ ಲೈನಲ್ಲೇ ನಾಟಕ, ಸಂಗೀತ, ಚರ್ಚಿನ ಪ್ರವಚನ ಕೇಳುವ ಇಲೆಕ್ಟ್ರೋಫೋನ್ ಅನ್ನುವ ಸೇವೆ 1895ರಿಂದ ಇತ್ತು. ನೆಲದಡಿ ಆಳದಲ್ಲಿ ಕರೆಂಟಿನ ರೈಲು 1890ರಿಂದ ಓಡ್ತಿತ್ತು. ಗಾಳಿಯ ಒತ್ತಡದಲ್ಲಿ ಕೊಳವೆಯೊಳಗೆ ಕಾಗದ ಕಳಿಸುವ ಅಂಚೆ ಇತ್ತು, ಕಥೆಯಲ್ಲಿ ವಾಷ್ಟಿ ಮಗನಿಗೆ ಇದನ್ನು ಆ ಅಂಚೆಯಲ್ಲಿ ಕಳಿಸ್ಬಹುದಿತ್ತಲ್ಲ ಅಂತ ಕೇಳುದು ಅದನ್ನೇ. ಅದೇ 1909ರ ಜುಲೈಯಲ್ಲಿ ಬ್ಲೇರಿಯೋ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ಬೇರ್ಡ್ ಟೆಲಿವಿಷನ್ ತೋರಿಸಿದ್ದು 1926ರಲ್ಲಿ, ಹಾಗಾಗಿ ಮುಖ ಕಾಣುವ ಪ್ಲೇಟ್ ಮಾತ್ರ ಫಾರ್ಸ್ಟರ್ ಸ್ವಂತ ಕಲ್ಪನೆಗೆ ಹತ್ತಿರ. ಉಳಿದದ್ದೆಲ್ಲ ಅವರ ಕಣ್ಣೆದುರಿಗೇ ಇತ್ತು. ಎಚ್. ಜಿ. ವೆಲ್ಸ್ ಮೊದಮೊದಲು ಬರೆದ ಯಂತ್ರ ಸ್ವರ್ಗಗಳಲ್ಲಿ ಒಂದಕ್ಕೆ ಇದು ತನ್ನ ಪ್ರತಿಕ್ರಿಯೆ ಅಂತ ಫಾರ್ಸ್ಟರೇ ಮುಂದೆ ಬರೆದಿದ್ದಾರೆ. ಅಂದ್ರೆ ಅವರು ನಮ್ಮ ಕಾಲವನ್ನು ನೋಡ್ತಾ ಇರಲಿಲ್ಲ, ಅವರ ಕಾಲದ ಜನ ಯಾವುದಕ್ಕೆ ಮರುಳಾಗ್ತಿದ್ದಾರೆ ಅಂತ ನೋಡ್ತಿದ್ದರು. ಈ ವ್ಯತ್ಯಾಸ ಮುಖ್ಯ, ಯಾಕಂದ್ರೆ ಜ್ಯೋತಿಷ್ಯ ಅಂತ ಓದಿದ್ರೆ ಯಾವುದು ಸರಿಯಾಯ್ತು ಯಾವುದು ತಪ್ಪಾಯ್ತು ಅಂತ ಟಿಕ್ ಹಾಕಿ ಮುಗಿಸ್ತೇವೆ.

ಮೂರನೇದ್ದು ಗೈಡಿನ ಸಂದೇಶ, ತಂತ್ರಜ್ಞಾನ ಶತ್ರು ಅಂತ. ಇದಕ್ಕೆ ಕೂನೋವೇ ಉತ್ತರ ಕೊಡ್ತಾನೆ. ಮೆಶಿನ್ ದೊಡ್ಡದೇ, ಆದ್ರೆ ಅದೇ ಎಲ್ಲ ಅಲ್ಲ ಅಂತ ಅವನು ಅಮ್ಮನಿಗೆ ಹೇಳುದು ಮೊದಲ ಭಾಗದಲ್ಲೇ ಉಂಟು. ಅದನ್ನು ದೇವರು ಮಾಡಿದ ಹಾಗೆ ಮಾತಾಡ್ತಿ, ಮನುಷ್ಯರು ಮಾಡಿದ್ದು ಅನ್ನುದನ್ನು ಮರಿಬೇಡ ಅಂತಾನೆ. ಮೆಶಿನ್ ಬೇಡ ಅಂತ ಹೇಳಿದವನಲ್ಲ ಅವನು. ಅವನ ತಕರಾರು ಮೆಶಿನ್ ಏನನ್ನು ದಾಟಿಸುದಿಲ್ಲವೋ ಅದರ ಬಗ್ಗೆ. ಅಲ್ಲೊಂದು ಸಣ್ಣ ಜಾಗ ಉಂಟು, ಗೈಡಿನವರು ಅದನ್ನು ಮುಟ್ಟುದೇ ಇಲ್ಲ, ನೀವು ಪೆನ್ಸಿಲಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮಾತಾಡುವಾಗ ಮಗನ ಮುಖದಲ್ಲಿ ಬೇಸರ ಉಂಟಾ ಅಂತ ವಾಷ್ಟಿಗೆ ಒಂದು ಸಂಶಯ ಬರ್ತದೆ, ಆದ್ರೆ ಗೊತ್ತಾಗುದಿಲ್ಲ, ಯಾಕಂದ್ರೆ ಮೆಶಿನ್ ಮುಖದ ಸೂಕ್ಷ್ಮ ಬದಲಾವಣೆಗಳನ್ನು ತೋರಿಸುದಿಲ್ಲ, ಜನರ ಒಂದು ಅಂದಾಜು ಕೊಡ್ತದೆ ಅಷ್ಟೇ, ಕೆಲಸ ನಡೀಲಿಕ್ಕೆ ಅದು ಸಾಕು ಅಂತ ಅವಳ ಲೆಕ್ಕ. ದ್ರಾಕ್ಷಿ ಹಣ್ಣಿನ ಮೇಲಿರುವ ತೆಳು ಬೂದಿಯಂಥ ಹೊಳಪನ್ನು ನಕಲಿ ಹಣ್ಣು ಮಾಡುವವರು ಬಿಟ್ಟುಬಿಟ್ಟ ಹಾಗೆ ಅಂತ ಫಾರ್ಸ್ಟರ್ ಬರೀತಾರೆ. ಇಷ್ಟಾದ್ರೆ ಸಾಕು ಅನ್ನುದನ್ನು ಆ ಜನ ಯಾವತ್ತೋ ಒಪ್ಪಿಕೊಂಡಾಗಿತ್ತು.

ನನ್ನ ಪ್ರಕಾರ ಇಡೀ ಕಥೆಯ ಬೇರು ಇರುದು ಇಲ್ಲೇ. ಅಲ್ಲಿ ಯಾರ ವ್ಯಕ್ತಿತ್ವವನ್ನೂ ಯಾರೂ ಕಿತ್ತುಕೊಳ್ಳುದಿಲ್ಲ. ಜನ ತಾವಾಗಿ ಒಂದೊಂದೇ ಬಿಟ್ಟುಕೊಡ್ತಾರೆ, ಇದು ಹೋದ್ರೆ ಎಂತ ಆಗ್ತದೆ, ನಡೀತದಲ್ಲ ಅಂತ. ಮೊದಲು ನಡಿಯುದನ್ನು ಬಿಟ್ರು. ಮತ್ತೆ ಮುಟ್ಟುದನ್ನು ಬಿಟ್ರು. ಗಾಳಿಹಡಗಲ್ಲಿ ವಾಷ್ಟಿ ಬೀಳ್ಲಿಕ್ಕೆ ಹೋದಾಗ ಅಲ್ಲಿನ ಕೆಲಸದವಳು ಕೈ ಚಾಚಿ ಹಿಡೀತಾಳೆ, ವಾಷ್ಟಿಗೆ ಸಿಟ್ಟು ಬರ್ತದೆ, ಆಗ ಆ ಹೆಂಗಸು ಕ್ಷಮೆ ಕೇಳ್ತಾಳೆ, ಎಂತಕ್ಕೆ ಗೊತ್ತುಂಟಾ, ನಿಮ್ಮನ್ನು ಬೀಳ್ಲಿಕ್ಕೆ ಬಿಡದೆ ಇದ್ದದ್ದಕ್ಕೆ. ಕಿಟಕಿಯಲ್ಲಿ ಹಿಮಾಲಯ ಕಾಣ್ತದೆ, ಮುಚ್ಚಿ ಇದನ್ನು, ಈ ಗುಡ್ಡಗಳಿಂದ ನಂಗೆ ಯಾವ ವಿಚಾರವೂ ಹೊಳೆಯುದಿಲ್ಲ ಅಂತಾಳೆ. ಎರಡು ದಿನ ಪ್ರಯಾಣ ಮಾಡಿ ಮಗನ ಕೋಣೆ ಸೇರಿದ್ರೆ ಅದು ತನ್ನ ಕೋಣೆಯ ಹಾಗೇ ಉಂಟು, ಅದೇ ಬಟನ್, ಅದೇ ಬೆಳಕು, ಮೆಶಿನ್ನಿನ ನಿಯಮಗಳಿರುವ ಅದೇ ಪುಸ್ತಕ. ಅಷ್ಟು ದೂರ ಹೋದವಳು ಮಗನ ಕೈ ಹಿಡಿಯುದೂ ಇಲ್ಲ, ಯಾಕಂದ್ರೆ ಅದು ಮರ್ಯಾದಸ್ತರ ಲಕ್ಷಣ ಅಲ್ಲ. ತಾಯಿ ತಂದೆಯರ ಕರ್ತವ್ಯ ಮಗು ಹುಟ್ಟಿದ ಕ್ಷಣಕ್ಕೆ ಮುಗೀತದೆ ಅಂತ ಅವರ ಪುಸ್ತಕದಲ್ಲಿ ಪುಟ ಸಂಖ್ಯೆ 422327483ರಲ್ಲಿ ಬರೆದುಂಟು. ಆ ಪುಟ ಸಂಖ್ಯೆ ಒಮ್ಮೆ ಜೋರಾಗಿ ಓದಿ ನೋಡಿ, ಅಷ್ಟು ದಪ್ಪದ ಪುಸ್ತಕವನ್ನು ಪೂರ್ತಿ ಓದಿದವರು ಯಾರಾದ್ರೂ ಇರ್ಲಿಕ್ಕೆ ಸಾಧ್ಯ ಉಂಟಾ?

ಮೂರನೇ ಭಾಗಕ್ಕೆ ಬರುವಾಗ ಇದು ತಲೆಯೊಳಗೂ ಸೇರ್ತದೆ. ಒಬ್ಬ ದೊಡ್ಡ ಉಪನ್ಯಾಸಕ ಅಲ್ಲಿ ಎಚ್ಚರಿಕೆ ಕೊಡುದು ಏನು ಅಂದ್ರೆ, ಸ್ವಂತ ಕಣ್ಣಲ್ಲಿ ಕಂಡ ವಿಚಾರಗಳ ಹತ್ರ ಹೋಗ್ಬೇಡಿ, ಒಬ್ಬರಿಂದ ಒಬ್ಬರಿಗೆ ದಾಟಿ ಬಂದದ್ದು ಒಳ್ಳೇದು, ಹತ್ತು ಕೈ ದಾಟಿದ್ದಾದ್ರೆ ಇನ್ನೂ ಒಳ್ಳೇದು ಅಂತ. ಫ್ರೆಂಚ್ ಕ್ರಾಂತಿ ಬಗ್ಗೆ ಕಲೀಬೇಡಿ, ಕ್ರಾಂತಿ ಬಗ್ಗೆ ಮಿರಾಬೋ ಹೇಳಿದ್ದನ್ನು ಕಾರ್ಲೈಲ್ ಹೇಗೆ ತಿಳ್ಕೊಂಡ, ಅವನನ್ನು ಇನ್ನೊಬ್ಬ ಹೇಗೆ ತಿಳ್ಕೊಂಡ, ಅವನನ್ನು ಮತ್ತೊಬ್ಬ ಹೇಗೆ ತಿಳ್ಕೊಂಡ ಅಂತ ಉದ್ದ ಸರಪಳಿ ಹಿಡಿದು ಕೊನೆಗೆ ನಾನು ಏನು ತಿಳ್ಕೊಂಡೆ ಅನ್ನುದನ್ನು ಕಲೀರಿ ಅಂತಾನೆ. ಹೀಗೆ ಮಾಡ್ತಾ ಹೋದ್ರೆ ಮುಂದೊಂದು ತಲೆಮಾರು ವ್ಯಕ್ತಿತ್ವದ ಕಲೆಯೇ ಇಲ್ಲದೆ ಶುದ್ಧವಾಗಿ ಬರ್ತದೆ ಅಂತ ಅವನ ಆಸೆ. ವ್ಯಕ್ತಿತ್ವ ಅನ್ನುದು ಅವನಿಗೆ ತೊಳೆದು ತೆಗಿಬೇಕಾದ ಕಲೆ! ಚಪ್ಪಾಳೆಯೂ ಬೀಳ್ತದೆ. ನಿಮ್ಮ ಸೆಮಿನಾರಿಗೆ ವ್ಯಕ್ತಿತ್ವ ಅನ್ನುವ ವಿಷಯ ಬೇಕಿದ್ರೆ ಈ ಒಂದು ಪ್ಯಾರಾದಲ್ಲಿ ಪೂರ್ತಿ ಉಂಟು. ನಿಮ್ಮ ಗೈಡು, ನಿಮ್ಮ ಎಐ ಸಮ್ಮರಿ, ಈಗ ನಾನು ಬರೀತಿರುದೂ ಆ ಸರಪಳಿಯ ಕೊಂಡಿಗಳೇ, ಹಾಗಾಗಿ ಇದನ್ನು ಓದಿ ಮುಗಿಸಿ ಕಥೆ ಪುನಃ ಓದಿ, ನಾನು ಹೇಳಿದ್ದು ಅಲ್ಲಿ ಉಂಟಾ ಇಲ್ವಾ ನೀವೇ ನೋಡಿ.

ಇನ್ನೊಂದು ಕಾರಣ ಉಂಟು, ಅದು ಹೆಚ್ಚಿನವರ ಕಣ್ಣಿಗೆ ಬೀಳುದಿಲ್ಲ. ಮೆಶಿನ್ ಬೆಳೆದ ಹಾಗೆ ಪ್ರತಿಯೊಬ್ಬನಿಗೆ ತನ್ನ ಕೆಲಸ ಚೆನ್ನಾಗಿ ಗೊತ್ತಾಗ್ತಾ ಬಂತು, ಪಕ್ಕದವನ ಕೆಲಸ ಗೊತ್ತಿಲ್ಲದೆ ಹೋಯ್ತು, ಕೊನೆಗೆ ಇಡೀ ಮೆಶಿನ್ ಅರ್ಥ ಆಗುವ ಒಬ್ಬನೂ ಲೋಕದಲ್ಲಿ ಉಳಿಲಿಲ್ಲ. ನಿಮ್ಮ ಕಡೆ ಗುಡ್ಡೆಗೆ ಅಡ್ಡ ಕೊರೆದ ಸುರಂಗ ನೋಡಿರ್ತೀರಿ. ಮುರಕಲ್ಲಲ್ಲಿ ಒಬ್ಬ ಹೋಗುವಷ್ಟು ಅಗಲಕ್ಕೆ ಪಿಕ್ಕಾಸು ಹಿಡಿದು ಕೊರೆದದ್ದು, ಒಳಗೆ ಜಿನುಗುವ ನೀರು ಅಡಿಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ಹೊರಗಿನ ಟಾಂಕಿಗೆ ಬರ್ತದೆ. ಅದೂ ತಂತ್ರಜ್ಞಾನವೇ, ಭಾರೀ ಬುದ್ಧಿವಂತಿಕೆಯ ತಂತ್ರಜ್ಞಾನ, ಆದ್ರೆ ನೀರು ಎಲ್ಲಿಂದ ಬರ್ತದೆ, ಮಣ್ಣು ಕುಸಿದ್ರೆ ಎಲ್ಲಿ ತೆಗೀಬೇಕು ಅಂತ ಆ ಮನೆಯವರಿಗೆ ಗೊತ್ತಿರ್ತದೆ. ಬೋರ್‌ವೆಲ್ ಪಂಪ್ ಕೆಟ್ರೆ ನಾವು ಯಾರಿಗೋ ಫೋನ್ ಮಾಡಿ ಕಾಯ್ತೇವೆ. ಬೋರ್‌ವೆಲ್ ಬೇಡ ಅಂತ ನಾನು ಹೇಳುದಲ್ಲ, ಸುರಂಗದ ನೀರು ಸಾಲದ ಮನೆಗಳು ಬೇಕಾದಷ್ಟುಂಟು. ವಾಷ್ಟಿಯ ಲೋಕದಲ್ಲಿ ಕರೀಲಿಕ್ಕೆ ಆ ರಿಪೇರಿಯವನೂ ಇಲ್ಲ, ಅದು ಕಥೆಯ ಭಯ.

ಆಮೇಲೆ ದೂರು ಕೊಡುವ ಭಾಗ. ಸಂಗೀತದ ನಡುವೆ ಏದುಸಿರಿನ ಹಾಗೆ ಒಂದು ಶಬ್ದ ಬರ್ಲಿಕ್ಕೆ ಶುರುವಾಗ್ತದೆ, ವಾಷ್ಟಿ ದೂರು ಕೊಡ್ತಾಳೆ, ದೂರನ್ನು ಮೇಲಿನ ಸಮಿತಿಗೆ ಕಳಿಸ್ತೇವೆ ಅಂತ ಉತ್ತರ. ಕೆಲವು ದಿನದಲ್ಲಿ ಎಲ್ಲರಿಗೂ ಆ ಶಬ್ದ ಅಭ್ಯಾಸ ಆಗ್ತದೆ, ಸಂಗೀತವೇ ಹಾಗೆ ಅಂತ. ಸ್ನಾನದ ನೀರು ನಾರ್ತದೆ, ಅದೂ ಅಭ್ಯಾಸ ಆಗ್ತದೆ. ನೀವು ಎಣ್ಮಕಜೆ ಪಂಚಾಯತಿನ ಕಡೆಯವರು, ನಿಮಗೆ ಇದನ್ನು ಬಿಡಿಸಿ ಹೇಳ್ಬೇಕಂತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರೀತಿದ್ದ ಕಾಲದಲ್ಲಿ ಪಡ್ರೆ, ಸ್ವರ್ಗ ಅನ್ನುವ ಊರುಗಳ ಕಡೆ ಮೊದಲು ಸಂಶಯ ಬಂದದ್ದು ಅಲ್ಲೇ ವಾಸ ಇದ್ದವರಿಗೆ, ದನ ಸಾಕಿದವರಿಗೆ, ಮಕ್ಕಳನ್ನು ಹೆತ್ತವರಿಗೆ, ಆ ಮನೆಗಳಿಗೆ ಹೋಗ್ತಿದ್ದ ಡಾಕ್ಟರಿಗೆ. ಮತ್ತೆ ಒಂದರ ಹಿಂದೆ ಒಂದು ಸಮಿತಿ ಬಂತು, ಒಂದು ವರದಿ ಹೇಳಿದ್ದನ್ನು ಇನ್ನೊಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ವರದಿ ಬೇಡ ಅಂತ ಅಲ್ಲ, ವಿಜ್ಞಾನ ಬೇಕೇ ಬೇಕು, ಕೊನೆಗೆ ಬಲ ಕೊಟ್ಟದ್ದೂ ಅದೇ. ಆದ್ರೆ ಇದು ಸರಿ ಇಲ್ಲ ಅಂತ ಮೊದಲು ಹೇಳ್ಲಿಕ್ಕೆ ಸ್ವಂತ ಕಣ್ಣನ್ನು ನಂಬುವ ಕೆಲವು ಜನ ಬೇಕಾಯ್ತು. ವ್ಯಕ್ತಿತ್ವ ಅಂದ್ರೆ ಬೇರೆ ಥರ ಡ್ರೆಸ್ ಹಾಕುದು, ಬೇರೆ ಥರ ಮಾತಾಡುದು ಅಂತ ನಮ್ಮ ಮಕ್ಕಳು ಬರೀತಾರೆ ಪೇಪರಲ್ಲಿ. ಫಾರ್ಸ್ಟರ್ ಹೇಳುವ ವ್ಯಕ್ತಿತ್ವ ಇದು, ತಾನು ಕಂಡದ್ದನ್ನು ಕಂಡೆ ಅಂತ ಹೇಳುವ ತಾಕತ್ತು.

ಕೂನೋ ಮಾಡಿದ್ದೂ ಅಷ್ಟೇ ನೋಡಿ. ಅವನು ಮಹಾ ಬುದ್ಧಿವಂತ ಅಂತ ಎಲ್ಲೂ ಇಲ್ಲ. ದೂರ ಹತ್ತಿರ ಅನ್ನುದರ ಅರ್ಥವೇ ನಮ್ಗೆ ಕಳೆದು ಹೋಗಿದೆ ಅಂತ ಅವನಿಗೆ ಅನ್ನಿಸ್ತದೆ, ಅದಕ್ಕೆ ಕೋಣೆ ಹೊರಗಿನ ರೈಲು ಪ್ಲಾಟ್‌ಫಾರ್ಮಲ್ಲಿ ಆಚೆ ಈಚೆ ನಡೀತಾನೆ, ಸುಸ್ತಾಗುವವರೆಗೆ. ಹತ್ತಿರ ಅಂದ್ರೆ ನನ್ನ ಕಾಲಲ್ಲಿ ಬೇಗ ಮುಟ್ಟುವ ಜಾಗ, ರೈಲೋ ಗಾಳಿಹಡಗೋ ಬೇಗ ಮುಟ್ಟಿಸುವ ಜಾಗ ಅಲ್ಲ ಅಂತ ಅವನ ತೀರ್ಮಾನ. ದೂರಕ್ಕೆ ಕಾಲು ಅಳತೆ, ಒಡೆತನಕ್ಕೆ ಕೈ ಅಳತೆ, ಪ್ರೀತಿಸ್ಲಿಕ್ಕೆ ಯೋಗ್ಯವಾದದ್ದಕ್ಕೆಲ್ಲ ಮೈಯೇ ಅಳತೆ. ಗೇಣು, ಮೊಳ, ಮಾರು ಅಂತ ಮೈಯಲ್ಲೇ ಅಳೆದ ಅಜ್ಜಂದಿರ ಮೊಮ್ಮಕ್ಕಳಿಗೆ ಇದು ಕಷ್ಟದ ಫಿಲಾಸಫಿ ಅಲ್ಲ. ಹಾಗೆ ನಡೀತಾ ನಡೀತಾ ಕತ್ತಲಲ್ಲಿ ಕೈಯಾಡಿಸಿ ಹಳೇ ಗಾಳಿಕೊಳವೆ ಹುಡುಕಿದ್ದು ಅವನು.

ಇಲ್ಲೊಂದು ಜಾಗ್ರತೆ. ಮೈಯೇ ಅಳತೆ ಅನ್ನುದನ್ನು ಗಟ್ಟಿ ಮೈಯವರೇ ಮನುಷ್ಯರು ಅಂತ ಓದಿದ್ರೆ ಅನಾಹುತ. ಮೆಶಿನ್ ಲೋಕದಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷೆ ಮಾಡಿ, ಹೆಚ್ಚು ಬಲ ಬರುವ ಲಕ್ಷಣ ಇದ್ದವರನ್ನು ಕೊಲ್ತಾರೆ, ಯಾಕಂದ್ರೆ ಆ ಕೋಣೆಯ ಬದುಕಿಗೆ ಅವರು ಹೊಂದುದಿಲ್ಲ. ಮಕ್ಕಳನ್ನು ಮೈ ನೋಡಿ ಆರಿಸುದೇ ಅಲ್ಲಿನ ಪಾಪ, ಬಲ ಇದ್ದವರನ್ನು ಆರಿಸಿದ್ರೂ ಇಲ್ಲದವರನ್ನು ಆರಿಸಿದ್ರೂ. ಹಾಸಿಗೆ ಬಿಟ್ಟು ಏಳ್ಲಿಕ್ಕಾಗದ ಮಕ್ಕಳನ್ನು ವರ್ಷಗಟ್ಟಲೆ ಕೈಯಲ್ಲೇ ಎತ್ತಿ ಸಾಕಿದ ಅಮ್ಮಂದಿರು ಇರುವ ಊರಲ್ಲಿ ನಿಂತು ಈ ಮಾತನ್ನು ನಾವು ಅಜಾಗ್ರತೆಯಲ್ಲಿ ಹೇಳ್ಬಾರ್ದು.

ಈಗ ನಿಮ್ಮ ಅಪ್ಪನ ವಿಷಯ. ನೀವು ವಾಷ್ಟಿ ಅಲ್ಲ, ಮತ್ತೆ ಇದು ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ಹೇಳುದಲ್ಲ, ಕಥೆಯಲ್ಲೇ ಆಧಾರ ಉಂಟು. ವಾಷ್ಟಿಯ ಸಮಸ್ಯೆ ಅವಳು ಪ್ಲೇಟಲ್ಲಿ ಮಗನನ್ನು ನೋಡುದು ಅಲ್ಲ. ಪ್ಲೇಟಲ್ಲಿ ನೋಡಿದ್ದು ಸಾಕು ಅನ್ನಿಸುದು. ಐದು ನಿಮಿಷ ಪೂರ್ತಿ ಕೊಡ್ತೇನೆ ನಿಂಗೆ ಅಂತ ಹೇಳಿಯೇ ಅವಳು ಮಾತು ಶುರು ಮಾಡುದು. ಅವಳಿಗೆ ಸಾವಿರಾರು ಜನರ ಪರಿಚಯ, ಯಾರನ್ನೂ ಹೋಗಿ ನೋಡ್ಬೇಕು ಅಂತ ಇಲ್ಲ. ನಿಮ್ಮ ಮನೆಯಲ್ಲಿ ಹೇಗೆ? ಕಾಲ್ ಮುಗಿದ ಮೇಲೆ ಇನ್ನೆಷ್ಟು ತಿಂಗಳಿಗೆ ಲೀವ್ ಅಂತ ಲೆಕ್ಕ ಹಾಕ್ತೀರಿ ತಾನೇ, ಸ್ವಲ್ಪ ಸಪೂರ ಆಗಿದ್ದಾರಾ ಕ್ಯಾಮರಾದಲ್ಲಿ ಹಾಗೆ ಕಾಣುದಾ ಅಂತ ಅಮ್ಮ ಕೇಳ್ತಾರೆ ತಾನೇ. ಆ ಪ್ರಶ್ನೆ ಇರುವಷ್ಟು ದಿನ ನಿಮ್ಮ ಮನೆಯಲ್ಲಿ ಕೂನೋ ಇದ್ದಾನೆ. ನಮ್ಮ ಕಡೆ ಫೋನ್ ಇಲ್ಲದ ಕಾಲದಲ್ಲಿ ಗಲ್ಫಿಂದ ಕ್ಯಾಸೆಟಲ್ಲಿ ಮಾತು ರೆಕಾರ್ಡ್ ಮಾಡಿ ಊರಿಗೆ ಬರುವವರ ಕೈಲಿ ಕಳಿಸ್ತಿದ್ರು, ಮನೆಯವರೆಲ್ಲ ಸುತ್ತ ಕೂತು ಕೇಳ್ತಿದ್ರು, ಅವರನ್ನು ಯಾರಾದ್ರೂ ಯಂತ್ರದ ದಾಸರು ಅನ್ನುದುಂಟಾ? ಹತ್ತಿರ ಇರ್ಲಿಕ್ಕಾಗದ್ದು ಕೆಲಸದ ಕಾರಣಕ್ಕೆ, ದುಡ್ಡಿನ ಕಾರಣಕ್ಕೆ, ಅದನ್ನು ಫೋನಿನ ತಲೆಗೆ ಕಟ್ಟಬಾರ್ದು, ನಿಮ್ಮ ತಲೆಗಂತೂ ಅಲ್ಲವೇ ಅಲ್ಲ. ಒಂದು ಮಾತು ಮಾತ್ರ, ಅಪ್ಪ ಲೀವಲ್ಲಿ ಬಂದಾಗ ಒಂದೇ ಮನೆಯೊಳಗೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಮೊಬೈಲ್ ಹಿಡಿದು ಕೂತ್ರೆ ಆಗ ಈ ಕಥೆ ನೆನಪು ಮಾಡ್ಕೊಳ್ಳಿ. ಅದನ್ನು ನಾನು ಸುಮಾರು ಮನೆಗಳಲ್ಲಿ ನೋಡಿದ್ದೇನೆ, ಬೇಸರ ಆಗ್ತದೆ.

ಕೂನೋ ಸತ್ತದ್ದರ ಬಗ್ಗೆ. ಕೊನೇ ಪುಟಗಳಲ್ಲಿ ಅಮ್ಮ ಮಗ ಕತ್ತಲ ಸುರಂಗದಲ್ಲಿ ಸಿಗ್ತಾರೆ, ಮುಟ್ತಾರೆ, ಮಾತಾಡ್ತಾರೆ, ಮೆಶಿನ್ ಮೂಲಕ ಅಲ್ಲದೆ. ಮೊದಲ ಪುಟದಲ್ಲಿ ಅವನು ಕೇಳಿದ್ದು ಅದೊಂದನ್ನೇ, ಅದು ಅವನಿಗೆ ಸಿಗ್ತದೆ. ತಡವಾಗಿ ಸಿಗ್ತದೆ ನಿಜ. ಅಷ್ಟೇ ಅಲ್ಲ, ಭೂಮಿಯ ಮೇಲೆ ಮಂಜಿನಲ್ಲಿ, ಜರಿಗಿಡಗಳ ಮರೆಯಲ್ಲಿ ಮನುಷ್ಯರು ಬದುಕಿದ್ದಾರೆ ಅಂತ ಅವನಿಗೆ ಗೊತ್ತುಂಟು, ಅವರನ್ನು ನೋಡಿದ್ದೇನೆ, ಅವರ ಹತ್ರ ಮಾತಾಡಿದ್ದೇನೆ ಅಂತಾನೆ. ಮನೆ ಇಲ್ಲದವರು ಅಂತ ಶಿಕ್ಷೆ ಕೊಟ್ಟು ಹೊರಗೆ ಹಾಕಿದ್ದು ಯಾರನ್ನೋ, ಕೊನೆಗೆ ಉಳಿದದ್ದು ಅವರು. ಹಾಗಾಗಿ ಸೋಲು ಗೆಲುವು ಅಂತ ಕ್ರಿಕೆಟ್ ಸ್ಕೋರ್ ಹಾಕ್ಲಿಕ್ಕೆ ಹೋಗ್ಬೇಡಿ. ಅವನಿಗೆ ಪ್ರಯೋಜನ ಆಯ್ತಾ ಅಂದ್ರೆ ಆಯ್ತು ಅಂತಲೇ ನನ್ನ ಉತ್ತರ, ಉಳಿದವರು ಸಾಯುವಾಗ ಅವರಿಗೆ ಎಂತ ಹೋಯ್ತು ಅಂತಲೂ ಗೊತ್ತಿರಲಿಲ್ಲ.

ಸೆಮಿನಾರ್ ಹೇಗೆ ಮಾಡುದು ಅನ್ನುದು ಬೇಗ ಹೇಳಿ ಮುಗಿಸ್ತೇನೆ. ಭವಿಷ್ಯವಾಣಿ ಅಂತ ಮಾಡ್ಬಹುದು, ಸುಲಭ, ಕ್ಲಾಸಿಗೆ ಖುಷಿ, ಆದ್ರೆ ಗ್ಯಾಜೆಟ್ ಪಟ್ಟಿ ಆಗಿ ಉಳೀತದೆ. ಮೆಶಿನನ್ನು ದೇವರು ಮಾಡಿದ ಜನರ ಕಥೆ ಅಂತ ಮಾಡ್ಬಹುದು, ವಾಷ್ಟಿ ಪುಸ್ತಕಕ್ಕೆ ಮೂರು ಸಲ ಮುತ್ತಿಟ್ಟು ತಲೆ ಬಗ್ಗಿಸುವ ದೃಶ್ಯ ಉಂಟು, ಒಳ್ಳೇ ವಿಷಯ, ಆದ್ರೆ ಯಾರದೋ ಧರ್ಮಕ್ಕೆ ಬೈದ ಹಾಗೆ ಆಗದಂತೆ ಹೇಳ್ಬೇಕು. ಅಮ್ಮ ಮಗನ ಕಥೆಯಾಗಿ ಮಾಡಿದ್ರೆ ನಿಮ್ಮದೇ ಆಗಿ ಬರ್ತದೆ, ನಂಗೆ ಅದೇ ಇಷ್ಟ, ಆದ್ರೆ ನಿಮ್ಮ ಅಪ್ಪನ ವಿಷಯ ಕ್ಲಾಸಲ್ಲಿ ಹೇಳ್ಬೇಕು ಅಂತ ಏನೂ ಇಲ್ಲ, ಗಂಟಲು ಕಟ್ಟಿದ್ರೆ ಅರ್ಧದಲ್ಲಿ ನಿಲ್ಬೇಕಾಗ್ತದೆ, ಹೇಳದೆಯೂ ಆ ದೃಶ್ಯಗಳನ್ನು ವಿವರಿಸ್ಬಹುದು. ಕಥೆ ಸುಮಾರು 12,000 ಶಬ್ದ, ಮೂರು ಭಾಗ, ಮೂರು ದಿನ ರಾತ್ರಿ ಒಂದೊಂದು ಭಾಗ ಓದಿದ್ರೆ ಆಯ್ತು. ಶಬ್ದದ ಅರ್ಥಕ್ಕೆ ಎಐ ಕೇಳಿ, ತೊಂದರೆ ಇಲ್ಲ. ಕಥೆಯಲ್ಲಿ ಎಂತ ಆಯ್ತು ಅಂತ ಮಾತ್ರ ಕೇಳ್ಬೇಡಿ.

ಕೊನೆಗೆ ಚರ್ಚೆಗೆ ಒಂದು ಪ್ರಶ್ನೆ ಬೇಕಾದ್ರೆ ಇದನ್ನು ಇಡಿ. ಸಾಯುವ ಮೊದಲು ವಾಷ್ಟಿ, ನಾಳೆ ಯಾವನೋ ಒಬ್ಬ ಮೂರ್ಖ ಮೆಶಿನನ್ನು ಪುನಃ ಶುರು ಮಾಡ್ತಾನೆ ಅಂತಾಳೆ. ಕೂನೋ, ಇಲ್ಲ, ಮನುಷ್ಯರಿಗೆ ಬುದ್ಧಿ ಬಂದಿದೆ ಅಂತಾನೆ. ಹೆಚ್ಚಿನವರು ಕೂನೋ ಹೇಳಿದ್ದನ್ನೇ ಫಾರ್ಸ್ಟರ್ ಮಾತು ಅಂತ ತಗೊಳ್ತಾರೆ, ಕಥೆಯಲ್ಲಿ ಅದಕ್ಕೆ ಆಧಾರ ಇಲ್ಲ, ಅದು ಮಗನ ಮಾತು ಮಾತ್ರ, ಅಮ್ಮನ ಮಾತಿಗೂ ಅಷ್ಟೇ ತೂಕ ಉಂಟು. ಯಾರದ್ದು ಸರಿ ಅಂತ ಕ್ಲಾಸಿಗೆ ಕೇಳಿ. ಕನ್ನಡದಲ್ಲೋ ಮಲಯಾಳದಲ್ಲೋ ತುಳುವಲ್ಲೋ ಉತ್ತರ ಹೇಳ್ಬಹುದಾ ಅಂತ ನಿಮ್ಮ ಟೀಚರ್ ಹತ್ರ ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲದಿದ್ರೆ ಇಂಗ್ಲಿಷ್ ಬರುವ ನಾಲ್ಕು ಜನ ಮಾತ್ರ ಮಾತಾಡ್ತಾರೆ.